ಸಿದ್ಧೇಶ್ವರನ ಗುಡಿ, ತೊರವಿಯ ಬಯಲು
ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜಗಳು ವಿಜಯಪುರದ ಬೀದಿಗಿಳಿದಾಗ ನನ್ನ ಕಣ್ಣು ನೆಟ್ಟಿದ್ದು ಅವನ್ನು ಹೊತ್ತವರ ಹೆಗಲ ಮೇಲೆ. ಇದೇ ದಿನಗಳಲ್ಲಿ ಸೊಲ್ಲಾಪುರದಲ್ಲೂ ಏಳು ನಂದಿಧ್ವಜ ಹೊರಡುತ್ತವೆ, ಅಲ್ಲಿ 68 ಲಿಂಗಗಳ ಸುತ್ತು. 12ನೇ ಶತಮಾನದಲ್ಲಿ ಕೆರೆ ಕಟ್ಟಿಸಿದ ಸೊನ್ನಲಿಗೆಯ (ಇಂದಿನ ಸೊಲ್ಲಾಪುರದ) ಸಿದ್ಧರಾಮನೇ, ಅಂದರೆ ಸಿದ್ಧೇಶ್ವರನೇ, ಎರಡೂ ಊರಿನ ಆರಾಧ್ಯ. 1956ರಲ್ಲಿ ಈ ಎರಡು ಊರುಗಳ ರಾಜ್ಯಗಳು ಬೇರೆಯಾದವು. ಆದರೂ ಜಾತ್ರೆಯ ಭೋಗಿ, ಹೋಮ, ಮದ್ದು ಸುಡುವ ಸಂಭ್ರಮಕ್ಕೆ ಗಡಿ ಬೀಳಲಿಲ್ಲ. ಆದರೆ ಕೆರೆ ಕಟ್ಟಿಸಿದ ಈ ದುಡಿಮೆಯ ದೇವರ ಜಾತ್ರೆಗೆ ಜೀವ ಇರುವುದು ಗುಡಿಯಲ್ಲಿರುವಷ್ಟೇ ವಿಜಯಪುರದ ಪಕ್ಕದ ತೊರವಿಯ ದನದ ಜಾತ್ರೆಯಲ್ಲೂ. ತಿಕೋಟಾ, ಬಬಲೇಶ್ವರದ ಕಡೆಯ ರೈತ ಅಲ್ಲಿ ಕಿಲಾರಿ ತಳಿಯ ಹೋರಿಯ ಹಲ್ಲು ನೋಡಿ, ಬೆನ್ನು ಸವರಿ ನಿಲ್ಲುವುದೂ ಪೂಜೆಯೇ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಬೇಸಾಯ ಕುಗ್ಗುತ್ತಿದೆ. ಅದಕ್ಕೇ, ಗುಡಿಗೆ ಬಂದವರು ಮಕ್ಕಳನ್ನು ಕರೆದುಕೊಂಡು ತೊರವಿಗೂ ಹೋಗಿಬನ್ನಿ.