ಕರುಳಬಳ್ಳಿಗೂ ಇಎಮ್‌ಐ

ಲೋಕಿಕೆರೆಯಲ್ಲಿ ತಂಗಿಯ ಸೀಮಂತ. ಬಳೆ ತೊಡಿಸಿ, ಊಟ ಮುಗಿಸಿ, ಹೆಂಗಸರೆಲ್ಲ ಎಲೆ ಅಡಿಕೆ ತಟ್ಟೆ ಸುತ್ತ ಕೂತಿದ್ದರು. ತಂಗಿಯ ಗಂಡ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲ್ ತೋರಿಸಿದ. “ಹೊಕ್ಕಳಬಳ್ಳಿ ರಕ್ತ ಸ್ಟೋರ್ ಮಾಡೋ ಪ್ಲಾನ್. ಅರವತ್ತು ಸಾವಿರ, ಇಎಮ್‌ಐ ಇದೆ. ಮಗೂಗೆ ಬಯಲಾಜಿಕಲ್ ಇನ್ಶೂರೆನ್ಸ್ ಅಂತೆ. ನಾಳೆ ಲುಕೇಮಿಯ ಗಿಕೇಮಿಯ ಬಂದ್ರೆ?”

ಅಜ್ಜಿಯ ಕಿವಿಗೆ ಬಿತ್ತು. “ನಾವು ಮಾಸು ಹಿತ್ತಲಲ್ಲಿ ಹೂಳ್ತಿದ್ವಿ. ಇವ್ರು ಬ್ಯಾಂಕಲ್ಲಿ ಇಡ್ತಾರಂತೆ!”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೂ ಹುಟ್ಟದ ಕೂಸಿಗೆ ಕ್ಯಾನ್ಸರಿನ ಹೆಸರು ಹೇಳಿ ದುಡ್ಡು ಕೇಳಿದರೆ ಯಾವ ಅಪ್ಪ ಇಲ್ಲ ಅಂತಾನೆ? ಈ ಧಂದೆ ನಿಂತಿರೋದೇ ಆ ಭಯದ ಮೇಲೆ.

ಹೊಕ್ಕಳಬಳ್ಳಿ ರಕ್ತ ಜೀವ ಉಳಿಸೋದು ಸುಳ್ಳಲ್ಲ. 1988ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲಕ್‌ಮನ್ ಅವರ ತಂಡ ಫ್ಯಾಂಕೋನಿ ಅನೀಮಿಯ ಇದ್ದ ಒಬ್ಬ ಹುಡುಗನಿಗೆ ಮೊದಲ ಕಸಿ ಮಾಡಿತು. ರಕ್ತ ಯಾರದು? ಅವನದಲ್ಲ, ಆಗಷ್ಟೇ ಹುಟ್ಟಿದ್ದ ಅವನ ತಂಗಿಯದು. ಬ್ರೋಷರು ನುಂಗಿಹಾಕೋದು ಇದೇ ಸಾಲನ್ನು.

ತನ್ನದೇ ರಕ್ತ ಯಾಕೆ ಆಗಲ್ಲ? ಥಲಸ್ಸೇಮಿಯ ಇರುವ ಮಗುವಿನ ಬಳ್ಳಿ ರಕ್ತದಲ್ಲೂ ಅದೇ ಕೆಟ್ಟ ಜೀನು ಇರುತ್ತೆ. ಮಕ್ಕಳ ಲುಕೇಮಿಯ ಕೆಲವದರಲ್ಲಿ ಮೊದಲ ಎಡವಟ್ಟು ಗರ್ಭದಲ್ಲೇ ಆಗಿರುತ್ತೆ. ಕೆಟ್ಟ ಬೀಜವನ್ನೇ ಜೋಪಾನ ಮಾಡಿಟ್ಟು ಮತ್ತೆ ಅದೇ ಹೊಲಕ್ಕೆ ಬಿತ್ತಿದ ಹಾಗೆ.

ಇದಕ್ಕಿಂತ ಮುಖ್ಯವಾದ ಮಾತು ರೋಗನಿರೋಧಕ ಕೋಶಗಳದು. ಕಸಿ ಅಂದ್ರೆ ಬರೀ ಹೊಸ ರಕ್ತ ಅಲ್ಲ, ಹೊಸ ಸೈನ್ಯ. ಬೇರೆಯವರಿಂದ ಬಂದ ಟಿ ಕೋಶಗಳು, ಎನ್‌ಕೆ ಕೋಶಗಳು ರೋಗಿಯ ಮೈಯಲ್ಲಿ ಅಳಿದುಳಿದ ಲುಕೇಮಿಯ ಕೋಶಗಳನ್ನು ಪರಕೀಯ ಅಂತ ಗುರುತಿಸಿ ಹೊಡೆಯುತ್ತವೆ. ಅರ್ಧ ಚಿಕಿತ್ಸೆ ಅದೇ. ಸ್ವಂತ ಕೋಶಕ್ಕೆ ಆ ಕಣ್ಣಿಲ್ಲ. ಕಳ್ಳನೂ ಮನೆಯವನ ಹಾಗೇ ಕಾಣ್ತಾನೆ.

ಆ ಸೈನ್ಯವೂ ಎಳಸು. ಬಳ್ಳಿ ರಕ್ತದ ಟಿ ಕೋಶಗಳು ಬಹುಪಾಲು ಯಾವ ಸೋಂಕನ್ನೂ ಕಂಡಿರಲ್ಲ. ಅದರಿಂದ ಒಂದು ಲಾಭ ಉಂಟು: ಎಚ್‌ಎಲ್‌ಎ ಪೂರ್ತಿ ಹೊಂದದಿದ್ದರೂ ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ಅಷ್ಟಾಗಿ ತಿರುಗಿ ಬೀಳಲ್ಲ. ನಷ್ಟವೂ ಅಲ್ಲೇ. ಎನ್‌ಕೆ ಕೋಶಗಳು ಒಂದೆರಡು ತಿಂಗಳಲ್ಲಿ ಚೇತರಿಸಿಕೊಂಡರೆ, ಬಿ ಕೋಶಗಳು ಆಮೇಲೆ, ಥೈಮಸ್ ಗ್ರಂಥಿಯಲ್ಲಿ ಪಳಗಿ ಬರುವ ಟಿ ಕೋಶಗಳು ಎಲ್ಲಕ್ಕಿಂತ ಕೊನೆಗೆ, ತಿಂಗಳುಗಟ್ಟಲೆ ಕಳೆದು, ಒಮ್ಮೊಮ್ಮೆ ವರ್ಷವೇ ದಾಟಿ. ಅಲ್ಲಿತನಕ ನಮ್ಮಲ್ಲಿ ಬಹುತೇಕರ ಮೈಯಲ್ಲಿ ಸುಮ್ಮನೆ ಮಲಗಿರುವ ಸೈಟೊಮೆಗಾಲೊ ವೈರಸ್ಸೇ ಎದ್ದು ಜೀವ ತೆಗೆಯಬಹುದು. ಒಂದು ಬಳ್ಳಿಯ ರಕ್ತ ನೂರು ಎಮ್‌ಎಲ್ ಆಸುಪಾಸು. ದೊಡ್ಡವರ ತೂಕಕ್ಕೆ ಒಂದು ಚೀಲ ಎಷ್ಟೋ ಸಲ ಸಾಲಲ್ಲ, ಎರಡು ಮಕ್ಕಳದ್ದು ಸೇರಿಸಿ ಕೊಡ್ತಾರೆ. ಇದನ್ನೆಲ್ಲ ‘ಇನ್ಶೂರೆನ್ಸ್’ ಅನ್ನೋ ಒಂದೇ ಪದದಲ್ಲಿ ಮುಚ್ಚಿಬಿಟ್ಟರೆ ಹೆಂಗೆ ಸ್ವಾಮಿ?

ಈಗ ಹೊಸ ವರಸೆ ಶುರುವಾಗಿದೆ: “ಎಲ್ಲರದ್ದೂ ಒಂದೇ ಕಡೆ ಇಡ್ತೀವಿ, ಬೇಕಾದವರು ತಗೋಬಹುದು.” ಹಂಗಾರೆ ನಿಮ್ಮ ಮಗುವಿನ ರಕ್ತ ನಿಮ್ಮ ಮಗುವಿಗೇ ಬೇಕು ಅಂದಿದ್ದು ಸುಳ್ಳು ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ?

ಐಸಿಎಮ್‌ಆರ್ ತನ್ನ 2017ರ ಮಾರ್ಗಸೂಚಿಯಲ್ಲಿ ಈ ಥರದ ಖಾಸಗಿ ಸಂಗ್ರಹಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಒಂದು ಅಪವಾದ ಇದೆ. ಮನೆಯಲ್ಲಿ ದೊಡ್ಡ ಮಗುವಿಗೆ ಥಲಸ್ಸೇಮಿಯದಂಥ, ಕಸಿಯಿಂದ ವಾಸಿಯಾಗುವ ಕಾಯಿಲೆ ಇದ್ದು, ತಾಯಿ ಮತ್ತೆ ಗರ್ಭಿಣಿಯಾಗಿದ್ದರೆ ಖಂಡಿತ ಇಡಿಸಿ. ಆಗ ಅದು ಭಯದ ವ್ಯಾಪಾರ ಅಲ್ಲ, ವೈದ್ಯ.

ಉಳಿದವರು ಏನ್ ಮಾಡಬೇಕು? ಮೊದಲು, ಆ ರಕ್ತವನ್ನು ಕೂಸಿಗೇ ಬಿಡಿ. ತಾಯಿ, ಮಗು ಚೆನ್ನಾಗಿದ್ದರೆ ಕನಿಷ್ಠ ಒಂದು ನಿಮಿಷ ಕಾದು ಬಳ್ಳಿ ಕತ್ತರಿಸಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮಗುವಿನ ಕಬ್ಬಿಣದಂಶಕ್ಕೆ ಅದು ಒಳ್ಳೇದು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇರುವ ದೇಶ ನಮ್ಮದು. ಎಂದೂ ಬಾರದ ಕಾಯಿಲೆಗೆ ಅಂತ ಚೀಲ ತುಂಬಿಸೋ ಅವಸರದಲ್ಲಿ ಇವತ್ತಿನ ಊಟ ಕಸಿಯೋದು ಯಾವ ನ್ಯಾಯ?

ಎರಡನೇದು ನಿಮಗೆ. ಹೌದು, ನಿಮಗೇ. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25 ಮಾತ್ರ. ಉಳಿದವರು ಅಪರಿಚಿತರನ್ನು ಹುಡುಕಬೇಕು, ಅದೂ ನಮ್ಮ ಜನರ ನಡುವೆಯೇ ಸಿಗುವ ಸಾಧ್ಯತೆ ಹೆಚ್ಚು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಮ್‌ಎಸ್ ಕೇಳೋದು ಕೆನ್ನೆಯ ಒಳಗೆ ಉಜ್ಜಿದ ಹತ್ತಿ ಕಡ್ಡಿ. ಹೊಂದಾಣಿಕೆ ಆದರೆ ಕೆಲವು ದಿನ ಇಂಜೆಕ್ಷನ್, ಆಮೇಲೆ ಬಹುತೇಕ ಸಲ ಪ್ಲೇಟ್‌ಲೆಟ್ ಕೊಟ್ಟ ಹಾಗೆ ತೋಳಿಂದ ರಕ್ತ. ಇಎಮ್‌ಐ ಇಲ್ಲ.

ತಂಗಿಯ ಗಂಡನಿಗೆ ಅದನ್ನೇ ಹೇಳಿದೆ. “ಅಂದ್ರೆ ನನ್ನ ಮಗೂಗೆ ಏನಾದ್ರೂ ಆದ್ರೆ ಕಾಪಾಡೋದು ಯಾರೋ ಬೇರೆಯವರು?” ಅಂದ.

ಹೌದಪ್ಪ. ಮತ್ತೆ ಇನ್ಯಾರದ್ದೋ ಮಗುವಿಗೆ ಆ ‘ಯಾರೋ’ ನೀನು.