ಅಟ್ಟುವುದು, ಕಾಯುವುದು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಟೆಕಪೊ ಎಂಬ ಸರೋವರವಿದೆ. ಅದರ ದಡದಲ್ಲಿ 1968ರಲ್ಲಿ ಒಂದು ಕಂಚಿನ ಪ್ರತಿಮೆಯನ್ನು ಸ್ಥಾಪಿಸಿದರು. ಅದು ದೊರೆಯದಲ್ಲ, ದಳಪತಿಯದೂ ಅಲ್ಲ. ಕುರಿಮಂದೆಯನ್ನು ನಡೆಸುವ ನಾಯಿಯದು. ಈ ಪ್ರಾಣಿಯ ನೆರವಿಲ್ಲದಿದ್ದರೆ ಆ ಬೆಟ್ಟಸೀಮೆಯಲ್ಲಿ ಮಂದೆ ಮೇಯಿಸುವುದೇ ಅಸಾಧ್ಯವಾಗುತ್ತಿತ್ತು ಎಂಬ ಕೃತಜ್ಞತೆಯನ್ನು ಅಲ್ಲಿ ಕೆತ್ತಿದ್ದಾರೆ.

ಈಗ ಆ ನಾಡಿನ ಕೆಲವು ಜಮೀನುಗಳಲ್ಲಿ ನಾಯಿಯ ಕೆಲಸವನ್ನು ಡ್ರೋನ್ ಮಾಡತೊಡಗಿದೆ. ತಿರುಗುವ ರೆಕ್ಕೆಗಳ ಈ ಪುಟ್ಟ ಯಂತ್ರ ಮಂದೆಯ ಹಿಂದೆ ತಗ್ಗಿನಲ್ಲಿ ಹಾರುತ್ತದೆ. ಕೆಲವೊಮ್ಮೆ ಅದಕ್ಕೆ ಕಟ್ಟಿದ ಧ್ವನಿವರ್ಧಕದಿಂದ ನಾಯಿಯ ಬೊಗಳಿಕೆಯೂ ಕೇಳಿಬರುತ್ತದೆ. ಯಜಮಾನನು ಬೇಲಿಯ ಬಳಿ ನಿಂತು, ಕೈಯಲ್ಲಿರುವ ಪರದೆಯನ್ನು ನೋಡುತ್ತ ಅದನ್ನು ನಡೆಸುತ್ತಾನೆ. ಕುರಿಯಾಗಲಿ ದನವಾಗಲಿ ತನ್ನ ಸುತ್ತ ಕಾಣದ ಗೆರೆಯೊಂದನ್ನು ಎಳೆದುಕೊಂಡಿರುತ್ತದೆ. ಆ ಗೆರೆಯನ್ನು ಯಾವುದಾದರೂ ದಾಟಿದೊಡನೆ ಅದು ದೂರ ಸರಿಯುತ್ತದೆ. ಹೆಗಲ ಹಿಂದಿನಿಂದ ಬಂದರೆ ಮುಂದಕ್ಕೆ, ಮುಂದಿನಿಂದ ಬಂದರೆ ಹಿಂದಕ್ಕೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಈ ಸ್ವಭಾವವನ್ನು ವಿವರವಾಗಿ ನಿರೂಪಿಸಿದ್ದಾರೆ. ನಾಯಿ ಹುಟ್ಟಿನಿಂದಲೇ ಬಲ್ಲ ಈ ಗುಟ್ಟನ್ನು ಯಂತ್ರವೂ ಬಳಸಿಕೊಳ್ಳುತ್ತದೆ.

ಇದರಿಂದ ಪ್ರಯೋಜನವೇ ಇಲ್ಲವೆಂದರೆ ಅದು ಹಠವಾದೀತು. 1982ರಲ್ಲಿ ಆ ದೇಶದಲ್ಲಿ 7 ಕೋಟಿಯಷ್ಟಿದ್ದ ಕುರಿಗಳು ಈಗ 2.5 ಕೋಟಿಗೂ ಕೆಳಗಿಳಿದಿವೆ. ಕಸುಬಿನಲ್ಲಿ ಉಳಿದವರು ಖರ್ಚನ್ನು ನೋಡಲೇಬೇಕು. ಅಲ್ಲದೆ, ಕಡಿದಾದ ಇಳಿಜಾರಿನಲ್ಲಿ ನಾಲ್ಕು ಚಕ್ರದ ಮೋಟಾರು ಬೈಕು ಮಗುಚಿ ಮಡಿದ ರೈತರು ಅಲ್ಲಿ ಹಲವರು. ಬೆಟ್ಟದ ಹಿಂಬದಿಯಲ್ಲಿ ಕುರಿ ಉಂಟೋ ಇಲ್ಲವೋ ಎಂದು ನೋಡಲು ಮನುಷ್ಯನು ಪ್ರಾಣವನ್ನು ಪಣವಾಗಿಡಬೇಕಾಗಿಲ್ಲ. ಬ್ಯಾಟರಿಯ ಬಲ ಬೇಗ ಕುಗ್ಗುವುದು, ಬಿರುಗಾಳಿಗೆ ಯಂತ್ರ ತತ್ತರಿಸುವುದು ಇವೆಲ್ಲ ಇಂದಿನ ಕೊರತೆಗಳು, ನಾಳೆ ನೀಗಬಹುದು. ನನ್ನ ಆಕ್ಷೇಪ ಬೇರೆ.

ಹಸುಗಳು ನಾಯಿಯನ್ನು ಎದುರಿಸಿ ನಿಲ್ಲುತ್ತವೆ, ಡ್ರೋನನ್ನು ಎದುರಿಸಿ ನಿಂತದ್ದನ್ನು ತಾನು ಕಂಡಿಲ್ಲ ಎಂದು ಅಲ್ಲಿನ ಕಾವಲುಗಾರನೊಬ್ಬನು 2019ರಲ್ಲಿ ಹೇಳಿದನು. ಕರುಗಳೊಡನಿರುವ ತಾಯಿಹಸುಗಳನ್ನು ಕುರಿತು ಅವನು ಆಡಿದ ಮಾತು ಇದು; ಯಂತ್ರದ ಗುಣವೆಂದೇ ಹೇಳಿದ್ದು. ನನಗೆ ಮಾತ್ರ ಆ ಹಸು ಮನಸ್ಸಿನಿಂದ ಮರೆಯಾಗದು. ತಿರುಗಿ ನಿಂತ ತಾಯಿ ಏನನ್ನೋ ತಿಳಿಸುತ್ತದೆ: ಕರು ದಣಿದಿದೆ, ತುಸು ತಡೆ ಎಂದು. ಬಲ್ಲವನು ಸಿಳ್ಳೆ ಹಾಕಿ ನಾಯಿಯನ್ನು ಹಿಂದಕ್ಕೆ ಕರೆಯುತ್ತಾನೆ. ಎದುರು ನಿಲ್ಲುವುದಕ್ಕೆ ಯಾರೂ ಇಲ್ಲದಾಗ ಹಸು ಸುಮ್ಮನೆ ನಡೆದುಬಿಡುತ್ತದೆ. ನಡೆಯಿತೆಂದ ಮಾತ್ರಕ್ಕೆ ಅದು ನೆಮ್ಮದಿಯಿಂದಿದೆ ಎಂದು ಹೇಳಬಹುದೆ? ಮೂವತ್ತು ವರ್ಷ ಪಾಠ ಹೇಳಿದ ನಾನು, ಎದುರಾಡದ ಹುಡುಗನಿಗೆಲ್ಲ ಪಾಠ ಅರ್ಥವಾಗಿದೆಯೆಂದು ಭಾವಿಸಿ ಅನೇಕ ಸಲ ಮೋಸಹೋಗಿದ್ದೇನೆ.

ನಮ್ಮ ನುಡಿಯಲ್ಲಿ ಕುರಿ ಅಟ್ಟುವವನೆಂಬ ಕಸುಬಿಲ್ಲ, ಕುರಿ ಕಾಯುವವನೆನ್ನುತ್ತೇವೆ. ಡ್ರೋನ್ ಅಟ್ಟಬಲ್ಲದು. ಕಾಯುವ ಕೆಲಸವನ್ನೂ ಅದಕ್ಕೇ ಒಪ್ಪಿಸಿ ಮನುಷ್ಯನು ಬೇಲಿಯ ಬಳಿಯೇ ಉಳಿದುಬಿಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ದೂರದ ಬೆಟ್ಟಕ್ಕೆ ಯಂತ್ರ ಕಣ್ಣಾಗಲಿ. ಮರಿ ಹಾಕುವ ಕಾಲದಲ್ಲಿ ಮಂದೆಯ ನಡುವೆ ಮನುಷ್ಯನೇ ನಡೆಯಲಿ. ಗಬ್ಬದ ಕುರಿಯೋ, ಉಣ್ಣೆ ದಟ್ಟವಾಗಿ ಬೆಳೆದ ಕುರಿಯೋ ಒಮ್ಮೆ ಬೆನ್ನಡಿಯಾಗಿ ಉರುಳಿತೆಂದರೆ ತಾನಾಗಿ ಏಳಲಾರದು. ಹೊಟ್ಟೆಯಲ್ಲಿ ವಾಯು ತುಂಬಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಅದು ಕಾಲು ಝಾಡಿಸುವುದನ್ನು ಡ್ರೋನ್ ಮೇಲಿನಿಂದ ತೋರಿಸೀತು. ಆದರೆ ಯಾರಾದರೂ ಹೋಗಿ, ಬಾಗಿ, ಅದನ್ನು ಹೊರಳಿಸಿ ಎಬ್ಬಿಸಬೇಕು. ಎಬ್ಬಿಸಿದ ಮೇಲೂ ಕಾಲುಗಳಿಗೆ ಕಸುವು ಬರುವವರೆಗೆ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಿರಬೇಕು.