ಕಡಲಿಗೆ ಹೋಗೋಣ, ಕಡಲನ್ನು ಅರಿತು

ಭಾನುವಾರದ ಬಲಿಪೂಜೆ ಮುಗಿಸಿ, ಮಧ್ಯಾಹ್ನದ ಊಟದ ಅನಂತರ ಮಕ್ಕಳೊಡನೆ ಕಡಲ ತೀರಕ್ಕೆ ಹೊರಡುವುದು ನಮ್ಮ ಕರಾವಳಿಯ ಅನೇಕ ಕುಟುಂಬಗಳ ರೂಢಿ. ಮೂಲ್ಕಿಯ ಸಮೀಪದ ಸಸಿಹಿತ್ಲು ಇಂದು ಇಂತಹ ತಾಣಗಳಲ್ಲೊಂದು. ಶಾಂಭವಿ, ನಂದಿನಿ ನದಿಗಳು ಕಡಲನ್ನು ಸೇರುವ ಅಳಿವೆಯ ಬದಿಯ ಈ ತೀರದಲ್ಲಿ 2016ರ ಮೇ ತಿಂಗಳಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು. ಹಲಗೆಯೇರಿ ಅಲೆಗಳ ಮೇಲೆ ಸಾಗುವ ಈ ಕ್ರೀಡೆಯಿಂದ ಸಸಿಹಿತ್ಲಿನ ಹೆಸರು ದೂರದೂರುಗಳಿಗೂ ತಲುಪಿದೆ.

ಇದು ಸಂತೋಷದ ವಿಷಯ. ದುಡಿಮೆಯ ವಾರದ ಕೊನೆಗೆ ಮೈಮನಗಳಿಗೆ ವಿಶ್ರಾಂತಿ ಬೇಕು. ತಂದೆತಾಯಿ ಮಕ್ಕಳು ಒಟ್ಟಾಗಿ ಕಳೆಯುವ ಸಂಜೆಗೆ ಬೆಲೆ ಕಟ್ಟಲಾಗದು. ಆದರೆ ಕಡಲಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಅತಿರೇಕಗಳಿವೆ. ಕೆಲವು ಹಿರಿಯರು 'ನೀರಿಗೆ ಇಳಿಯಲೇಬೇಡಿ' ಎಂದು ಆಜ್ಞಾಪಿಸಿ ಸುಮ್ಮನಾಗುತ್ತಾರೆ. ಮಕ್ಕಳು ಹೇಳದೆ ಕೇಳದೆ ಗೆಳೆಯರೊಡನೆ ಹೋಗಿ ಇಳಿಯುತ್ತಾರೆ. ಇನ್ನು ಕೆಲವರು ಕಡಲನ್ನು ಊರ ಕೆರೆಯೆಂದೇ ಬಗೆಯುತ್ತಾರೆ. ಪ್ರತಿ ವರ್ಷವೂ ನೀರುಪಾಲಾದ ತರುಣರ ಸುದ್ದಿಯನ್ನು ಓದಿ ಮರುಗುವ ನಾವು ಈ ಎರಡನ್ನೂ ಬಿಡಬೇಕಾಗಿದೆ.

ಸರ್ಫಿಂಗ್ ಬಲ್ಲವರನ್ನು ಗಮನಿಸಿರಿ. ಅವರು ಬಂದೊಡನೆ ನೀರಿಗೆ ಧುಮುಕುವುದಿಲ್ಲ. ದಡದಲ್ಲಿ ನಿಂತು ಅಲೆಗಳು ಎಲ್ಲಿ ಒಡೆಯುತ್ತವೆ, ನೀರು ಎತ್ತ ಹರಿಯುತ್ತಿದೆ ಎಂಬುದನ್ನು ನೋಡುತ್ತಾರೆ. ಹಲಗೆಯನ್ನು ಹಗ್ಗದಿಂದ ಕಾಲಿಗೆ ಬಿಗಿದುಕೊಳ್ಳುತ್ತಾರೆ. ಬಿದ್ದರೂ ತೇಲುವ ಆಧಾರವೊಂದು ಕೈಗೆಟುಕುತ್ತದೆ. ಈಜಲು ಹೋಗುವ ನಾವೂ ಇಷ್ಟು ಎಚ್ಚರ ವಹಿಸುವುದು ಅವಶ್ಯ.

ದಡಕ್ಕೆ ಬಂದ ಅಲೆಗಳ ನೀರು ಮರಳ ದಿಣ್ಣೆಗಳ ನಡುವಿನ ಇಕ್ಕಟ್ಟಾದ ಹಾದಿಯಿಂದ ರಭಸವಾಗಿ ಕಡಲಿಗೆ ಮರಳುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ನೀರು ಶಾಂತವಾಗಿ ಕಾಣುತ್ತದೆ. ತಿಳಿಯದವರು ಅದೇ ಸುರಕ್ಷಿತವೆಂದು ಇಳಿಯುತ್ತಾರೆ. ಆ ಸೆಳೆತ ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದಕ್ಕೆದುರಾಗಿ ಈಜಿ ದಣಿದವರು ಮುಳುಗುತ್ತಾರೆ. ಗಾಬರಿಗೊಳ್ಳದೆ ತೇಲುತ್ತ, ಕೈಯೆತ್ತಿ ನೆರವು ಕೋರಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದ ಬಳಿಕ ದಡದತ್ತ ತಿರುಗಬೇಕು. ದಡದಲ್ಲಿರುವವರು ತಾವೂ ನೀರಿಗೆ ಹಾರದೆ, ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆದು, ಜೀವರಕ್ಷಕರನ್ನು ಕೂಗಿ ಕರೆಯಬೇಕು. 112ಕ್ಕೆ ಕರೆ ಮಾಡಬೇಕು. ಅಳಿವೆಯ ಬಳಿ ನದಿಯ ಹರಿವೂ ಕಡಲಿನ ಇಳಿತವೂ ಕೂಡಿಕೊಳ್ಳುವುದರಿಂದ ಅಲ್ಲಿ ಈಜುವುದು ಸರ್ವಥಾ ಸಲ್ಲದು.

ಮಳೆಗಾಲದ ಮಾತು ಬೇರೆಯೇ. ತಲೆಮಾರುಗಳಿಂದ ಕಡಲನ್ನೇ ನಂಬಿ ಬದುಕಿದ ಮೊಗವೀರರು ದೋಣಿಯನ್ನು ದಡಕ್ಕೆ ಎಳೆದಿಟ್ಟ ದಿನ, ಪೇಟೆಯಿಂದ ಬಂದ ನಮಗೆ ನೀರಿನಲ್ಲೇನು ಕೆಲಸ? ಅವರು ಬೇಡವೆಂದರೆ ಮರುಮಾತಿಲ್ಲದೆ ಹಿಂದಿರುಗುವುದೇ ವಿವೇಕ.

ನಮ್ಮ ಧರ್ಮಕೇಂದ್ರಗಳ ಯುವ ಸಂಘಟನೆಗಳು ವಿಹಾರ ಏರ್ಪಡಿಸುವಾಗ ಬಸ್ಸು, ಊಟದ ವ್ಯವಸ್ಥೆಯಲ್ಲಿ ತೋರುವ ಆಸ್ಥೆಯನ್ನು ಈ ವಿಷಯದಲ್ಲಿಯೂ ತೋರಲಿ. ಜೀವರಕ್ಷಕರಿರುವ ತೀರವನ್ನೇ ಆರಿಸಲಿ. ಬೇಸಿಗೆ ರಜೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಈಜು ಕಲಿಸುವ ಏರ್ಪಾಡು ಮಾಡಲಿ. ಆಸಕ್ತರು ತರಬೇತುದಾರರ ಬಳಿ ಸರ್ಫಿಂಗನ್ನೂ ಕಲಿಯಲಿ. ಹೆದರಿಸಿ ತಡೆದ ಮಗು ಕದ್ದು ಹೋಗಬಹುದು. ಅರಿತ ಮಗು ಎಲ್ಲಿ ಇಳಿಯಬಾರದೆಂಬುದನ್ನು ತಾನೇ ತಿಳಿದು ನಿಲ್ಲುತ್ತದೆ. ಮುಂದಿನ ವಿಹಾರದ ದಿನ ಗೊತ್ತುಪಡಿಸುವ ಮೊದಲೇ ಈ ಕುರಿತು ಮನೆಮನೆಗಳಲ್ಲಿ ಮಾತನಾಡೋಣ.